ಮನೆಯೊಳಗಿನ ಗಾಳಿ, ಹೊರಗಿನ ಗಾಳಿ: ನೀವೇ ಅಳೆದು ನೋಡುವುದು ಹೇಗೆ?

ನಾನು ಗಾಳಿ ಮೀಟರ್, ಅಂದರೆ ಗಾಳಿಯಲ್ಲಿರುವ ಹೊಗೆ-ದೂಳಿನ ಸಣ್ಣ ಕಣಗಳನ್ನು ಅಳೆಯುವ ಮೀಟರ್ ಕೊಂಡದ್ದು ರಸ್ತೆಯ ಮೇಲಿನ ಸಿಟ್ಟಿಗೆ. ಬೆಂಗಳೂರಿನಲ್ಲಿ ನಮ್ಮದು ಮೊದಲ ಮಹಡಿಯ ಮನೆ. ಕೆಳಗೆ ಬಸ್ಸು, ಎದುರಿಗೆ ಅರ್ಧ ಕಟ್ಟಿ ನಿಲ್ಲಿಸಿದ ಕಟ್ಟಡ. ಕಿಟಕಿ ಸರಳಿನ ಮೇಲೆ ಬೆರಳಾಡಿಸಿದರೆ ಕಪ್ಪು. ಇದನ್ನೆಲ್ಲ ಅಂಕಿಯಲ್ಲಿ ಹಿಡಿದು ಯಾರಿಗಾದರೂ ತೋರಿಸಬೇಕು ಅನ್ನುವ ಹಟ.

ಮೀಟರನ್ನು ಊಟದ ಮೇಜಿನ ಮೇಲಿಟ್ಟೆ. ಸಂಜೆ ಟ್ರಾಫಿಕ್ ಹೊತ್ತು, ಕಿಟಕಿ ತೆರೆದಿತ್ತು. ಆದರೂ ಅಂಕಿ ನಲವತ್ತರ ಆಸುಪಾಸಿನಲ್ಲೇ ಆಡುತ್ತಿತ್ತು. ಅಷ್ಟರಲ್ಲಿ ಅಮ್ಮ ಸಾರಿಗೆ ಒಗ್ಗರಣೆ ಹಾಕಿದರು. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಬ್ಯಾಡಗಿ ಮೆಣಸಿನಕಾಯಿ ಬಿತ್ತು. ನನಗೆ ಕೆಮ್ಮು ಬರುವ ಮೊದಲೇ ಮೀಟರ್ ಮೂರಂಕಿ ದಾಟಿತ್ತು. ಮತ್ತೆ ಕೆಳಗಿಳಿಯಲು ಮುಕ್ಕಾಲು ಗಂಟೆ ಹಿಡಿಯಿತು.

ರಸ್ತೆ ಸಾಚಾ ಅಂತ ಹೇಳುತ್ತಿಲ್ಲ. ಅಳೆಯುವ ಮೊದಲು ನಾನು ಒಬ್ಬರ ಮೇಲೆ ಮಾತ್ರ ಅನುಮಾನ ಪಟ್ಟಿದ್ದೆ, ಅಷ್ಟೆ. ಅದಾದ ಮೇಲೆ ಸುಮಾರು ತಪ್ಪು ಮಾಡಿ, ತಿದ್ದಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ ಬರೆದುಕೊಳ್ಳಿ

"ನಮ್ಮ ಏರಿಯಾ ಗಾಳಿ ಹೇಗಿದೆ?" ಅನ್ನುವುದು ಒಂದು ಪ್ರಶ್ನೆ. "ಮಗು ಮಲಗುವ ಕೋಣೆಯ ಕಿಟಕಿ ರಾತ್ರಿ ತೆರೆದಿರಬೇಕಾ, ಮುಚ್ಚಬೇಕಾ?" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮೀಟರೇ ಬೇಡ, ಫೋನ್ ಸಾಕು. ಎರಡನೆಯದಕ್ಕೆ ಮೀಟರ್ ಬೇಕು, ಒಂದು ವಾರದ ತಾಳ್ಮೆಯೂ ಬೇಕು. ಪ್ರಶ್ನೆ ಇಲ್ಲದೆ ಮೀಟರ್ ಕೊಂಡವರ ಮನೆಯಲ್ಲಿ ಅದು ಹದಿನೈದು ದಿನದಲ್ಲಿ ಗಡಿಯಾರವಾಗಿಬಿಡುತ್ತದೆ.

ಏನನ್ನು ಅಳೆಯಬೇಕು? ಮುಖ್ಯವಾಗಿ ಪಿಎಂ 2.5. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ತಲೆಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್, ಹಾಗಾಗಿ ಇವು ಎಷ್ಟು ಸಣ್ಣ ಅಂತ ಊಹಿಸಿಕೊಳ್ಳಿ. ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳದವರೆಗೂ ಹೋಗುವುದು ಇವೇ. ಹೊಗೆಯಲ್ಲಿ ಇರುವುದು ಹೆಚ್ಚಾಗಿ ಈ ಜಾತಿಯವು. ರಸ್ತೆ ದೂಳು, ಸಿಮೆಂಟ್ ದೂಳಿನಲ್ಲಿ ಜಾಸ್ತಿ ಇರುವುದು ದಪ್ಪ ಕಣಗಳು. ಅವನ್ನು ಪಿಎಂ 10 ಲೆಕ್ಕದಲ್ಲಿ ನೋಡುತ್ತಾರೆ. ಕಿಟಕಿ ಸರಳಿನ ಮೇಲೆ ಕಂಡ ದೂಳಿಗೂ ಮೀಟರಿನ ಪಿಎಂ 2.5ಗೂ ತಾಳೆಯಾಗದಿರಲು ಇದೇ ಕಾರಣ. ಕಣ್ಣಿಗೆ ಕಾಣುವ ದೂಳು ಬೇರೆ ಲೆಕ್ಕ.

ದುಡ್ಡು ಖರ್ಚು ಮಾಡದೆ ಶುರು ಮಾಡಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ಹಾಕಿಕೊಳ್ಳಿ. ಬೆಂಗಳೂರಿನಲ್ಲಿ ಪೀಣ್ಯ, ಹೆಬ್ಬಾಳ, ಜಯನಗರ 5ನೇ ಬ್ಲಾಕ್, ಸಿಲ್ಕ್ ಬೋರ್ಡ್, ಬಿಟಿಎಂ ಲೇಔಟ್, ಬಾಪೂಜಿ ನಗರ, ಸಿಟಿ ರೈಲ್ವೆ ಸ್ಟೇಷನ್ ಹೀಗೆ ಹಲವು ಕಡೆ ಅಳತೆ ಕೇಂದ್ರಗಳಿವೆ. ಹುಬ್ಬಳ್ಳಿ, ಕಲಬುರಗಿ, ಮೈಸೂರು, ಶಿವಮೊಗ್ಗ, ವಿಜಯಪುರದಲ್ಲೂ ಇವೆ. ನಿಮ್ಮ ಮನೆಗೆ ಹತ್ತಿರದ ಕೇಂದ್ರ ಯಾವುದು ನೋಡಿ. ಐದಾರು ಕಿಲೋಮೀಟರ್ ದೂರವಿದ್ದರೆ ಅದನ್ನು ಊರಿನ ಹವಾಮಾನದ ಹಾಗೆ ಓದಿ, ನಿಮ್ಮ ಬೀದಿಯ ಸುದ್ದಿಯಂತೆ ಓದಬೇಡಿ.

ಆ್ಯಪಿನಲ್ಲಿ ಎದ್ದು ಕಾಣುವುದು ಎಕ್ಯುಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ. ಅಂಕ ಹೆಚ್ಚಾದಷ್ಟೂ ಗಾಳಿ ಕೆಟ್ಟದ್ದು. 2015ರಿಂದ ನಮ್ಮಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಎಂಟು ಮಾಲಿನ್ಯಕಾರಕಗಳಿಗೆ ಬೇರೆ ಬೇರೆ ಅಂಕ ಕೊಡುತ್ತಾರೆ, ಎಲ್ಲಕ್ಕಿಂತ ಕೆಟ್ಟ ಅಂಕವೇ ಆ ಹೊತ್ತಿನ ಎಕ್ಯುಐ. ಸರಾಸರಿ ಅಲ್ಲ, ಕೂಡಿಸಿದ್ದೂ ಅಲ್ಲ. ಒಂದು ವಿಷಯದಲ್ಲಿ ಫೇಲಾದರೆ ಫೇಲ್ ಅನ್ನುವ ಹಾಗೆ.

ಇಲ್ಲಿ ಜನ ಎರಡು ಕಡೆ ಎಡವುತ್ತಾರೆ.

ಒಂದು, ಕಣಗಳ ಎಕ್ಯುಐ ಹಿಂದಿನ 24 ಗಂಟೆಯ ಸರಾಸರಿಯಿಂದ ಬರುತ್ತದೆ. ಈಗ ಪಕ್ಕದ ಖಾಲಿ ಸೈಟಿನಲ್ಲಿ ಕಸ ಸುಡುತ್ತಿದ್ದರೆ ಆ್ಯಪ್ ತಕ್ಷಣ ಬೆಚ್ಚಿ ಬೀಳುವುದಿಲ್ಲ. ಈ ಗಂಟೆಯ ಸ್ಥಿತಿ ಬೇಕಾದರೆ ಮಂಡಳಿಯ ವೆಬ್‌ಸೈಟಿನಲ್ಲಿ ಗಂಟೆವಾರು ಪಿಎಂ 2.5 ಅಂಕಿಯನ್ನೇ ನೋಡಬೇಕು. ಹಳೆಯ ದಿನಗಳದ್ದನ್ನೂ ಇಳಿಸಿಕೊಳ್ಳಬಹುದು.

ಎರಡು, ಒಂದೇ ಗಾಳಿಗೆ ಎರಡು ಎಕ್ಯುಐ. ಪಿಎಂ 2.5 ಒಂದು ಘನ ಮೀಟರಿಗೆ 45 ಮೈಕ್ರೋಗ್ರಾಂ ಇದೆ ಅಂತಿಟ್ಟುಕೊಳ್ಳಿ. ಭಾರತದ ಲೆಕ್ಕದಲ್ಲಿ ಎಕ್ಯುಐ ಸುಮಾರು 75, 'ತೃಪ್ತಿಕರ', ತಿಳಿ ಹಸಿರು ಬಣ್ಣ. ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ ಸುಮಾರು 124, ಕಿತ್ತಳೆ ಬಣ್ಣ, ಮಕ್ಕಳು ಮತ್ತು ಉಬ್ಬಸದವರು ಹುಷಾರು ಅನ್ನುವ ದರ್ಜೆ. ಫೋನಿನ ಹವಾಮಾನ ಆ್ಯಪ್ ಒಂದು ಹೇಳುತ್ತೆ, ಸಮೀರ್ ಇನ್ನೊಂದು ಹೇಳುತ್ತೆ ಅಂತ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಜಗಳವಾಗುವುದು ಇದಕ್ಕೇ. ಅದಕ್ಕೆ ನನ್ನ ನಿಯಮ: ಎಕ್ಯುಐ ಬಿಡಿ, ಮೈಕ್ರೋಗ್ರಾಂ ಕೇಳಿ.

ಮೈಕ್ರೋಗ್ರಾಂ ಸಿಕ್ಕ ಮೇಲೆ ಹೋಲಿಸಲು ಅಳತೆಗೋಲು ಬೇಕಲ್ವಾ? ನಮ್ಮ ದೇಶದ 2009ರ ಮಾನದಂಡದಲ್ಲಿ ಪಿಎಂ 2.5 ದಿನದ ಸರಾಸರಿ 60, ವರ್ಷದ ಸರಾಸರಿ 40 ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ದಿನಕ್ಕೆ 15, ವರ್ಷಕ್ಕೆ 5. ಅಂತರ ಎಷ್ಟಿದೆ ನೋಡಿ. ನಾನು ಎರಡನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಇವೆಲ್ಲ ದಿನದ, ವರ್ಷದ ಸರಾಸರಿಗಳು ಅನ್ನುವುದನ್ನು ಮಾತ್ರ ಮರೆಯಬೇಡಿ. ಒಗ್ಗರಣೆಯ ಹೊತ್ತು ಮೀಟರ್ 300 ಮುಟ್ಟಿತು, ಮಿತಿಗಿಂತ ಐದು ಪಟ್ಟು ಅಂತ ಹೇಳಿದರೆ ಅದು ಲೆಕ್ಕ ತಪ್ಪು. ನಾನೂ ಹಾಗೆ ಹೇಳಿ ಮನೆಯವರನ್ನು ಹೆದರಿಸಿದ್ದೆ.

ಮೀಟರ್ ಆರಿಸುವುದು

ಸರ್ಕಾರಿ ಕೇಂದ್ರಗಳಲ್ಲಿ ಗಾಳಿಯನ್ನು ಫಿಲ್ಟರ್ ಪಟ್ಟಿಯ ಮೂಲಕ ಎಳೆದು, ಅದರ ಮೇಲೆ ಕೂತ ದೂಳು ಬೀಟಾ ಕಿರಣವನ್ನು ಎಷ್ಟು ತಡೆಯುತ್ತದೆ ಅಂತ ನೋಡಿ ತೂಕ ಕಂಡುಹಿಡಿಯುತ್ತಾರೆ. ಮನೆ ಮೀಟರ್ ತೂಗುವುದಿಲ್ಲ. ಅದರೊಳಗೆ ಉಗುರಿನಷ್ಟು ಫ್ಯಾನ್ ಇರುತ್ತದೆ. ಅದು ಗಾಳಿಯನ್ನು ಲೇಸರ್ ಬೆಳಕಿನ ಮುಂದೆ ಹಾಯಿಸುತ್ತದೆ. ಕಣಕ್ಕೆ ಬೆಳಕು ಬಡಿದು ಚೆದುರಿದ್ದನ್ನು ನೋಡಿ ಇಷ್ಟು ತೂಕವಿರಬಹುದು ಅಂತ ಅಂದಾಜು ಕಟ್ಟುತ್ತದೆ. ಬಾಗಿಲಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ದೂಳು ಹೊಳೆಯುತ್ತದಲ್ಲ, ಹೆಚ್ಚುಕಡಿಮೆ ಅದೇ ಉಪಾಯ.

ಅಂದಾಜು ಅನ್ನುವ ಪದವನ್ನು ನೆನಪಿಟ್ಟುಕೊಳ್ಳಿ. ಅದು ಕೈಕೊಡುವ ಜಾಗಗಳು ಗೊತ್ತಿದ್ದರೆ ಈ ಮೀಟರ್ ತುಂಬ ಉಪಯೋಗಿ.

ಕೊಳ್ಳುವಾಗ ಪೆಟ್ಟಿಗೆಯ ಅಂದ ನೋಡಬೇಡಿ, ಒಳಗಿನ ಸೆನ್ಸರ್ ಯಾವುದು ಅಂತ ಕೇಳಿ. ಪ್ಲಾಂಟವರ್ ಕಂಪನಿಯ ಪಿಎಂಎಸ್ 5003, ಸೆನ್ಸಿರಿಯನ್ನಿನ ಎಸ್‌ಪಿಎಸ್ 30, ನೋವಾದ ಎಸ್‌ಡಿಎಸ್ 011 ಚೆನ್ನಾಗಿ ಪರೀಕ್ಷೆಗೊಳಗಾದವು. ಸೆನ್ಸರ್ ಹೆಸರು ಹೇಳದ ಮೀಟರನ್ನು ನಾನಂತೂ ಕೊಳ್ಳುವುದಿಲ್ಲ. ಹಿಂದಿನ ಅಂಕಿಗಳನ್ನು ಉಳಿಸಿಡುವ ಸೌಲಭ್ಯವೂ ಇರಲಿ. ಇಲ್ಲದಿದ್ದರೆ ನೀವು ಮಲಗಿದ್ದಾಗ ನಡೆದದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಕೈಕೆಲಸ ಇಷ್ಟವಿದ್ದರೆ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಒಂದು ಸುತ್ತು ಹೋಗಿ ಬನ್ನಿ. ಒಂದು ನೋಡ್‌ಎಂಸಿಯು ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್), ಒಂದು ಕಣ ಸೆನ್ಸರ್, ಒಂದು ತೇವಾಂಶ ಸೆನ್ಸರ್, ನಾಲ್ಕು ತಂತಿ ಇದ್ದರೆ ಒಂದು ಭಾನುವಾರದಲ್ಲಿ ಕಟ್ಟಬಹುದು. ಎಸ್‌ಡಿಎಸ್ 011 ಬಳಸಿದರೆ ಅದರ ಆಯುಷ್ಯ ಸುಮಾರು 8000 ಗಂಟೆ. ಬಿಡದೆ ಓಡಿಸಿದರೆ ಒಂದು ವರ್ಷವೂ ಬಾರದು. ಹಾಗಾಗಿ ಎರಡು ಮೂರು ನಿಮಿಷಕ್ಕೊಮ್ಮೆ ಎದ್ದು ಅಳೆದು ಮಲಗುವಂತೆ ಮಾಡಿ.

ನಾನು ಮೊದಲು ಕೊಂಡದ್ದು 'ಐದು ಇನ್ ಒನ್' ಮೀಟರ್. ಕಡಿಮೆ ಬೆಲೆಗೆ ಕಣ, ಕಾರ್ಬನ್ ಡೈಆಕ್ಸೈಡ್, ಫಾರ್ಮಾಲ್ಡಿಹೈಡ್ ಎಲ್ಲ ತೋರಿಸುತ್ತೆ ಅಂದಿದ್ದರು. ಒಂದು ದಿನ ಪಕ್ಕದಲ್ಲಿ ಸೆಂಟ್ ಹೊಡೆದುಕೊಂಡೆ. ಕಾರ್ಬನ್ ಡೈಆಕ್ಸೈಡ್ ಎರಡು ಸಾವಿರಕ್ಕೆ ಜಿಗಿಯಿತು! ಸೆಂಟಿನಲ್ಲಿ ಅದೆಲ್ಲಿಂದ ಬರಬೇಕು? ಒಳಗಿದ್ದದ್ದು ವಾಸನೆಯ ಆವಿಗಳನ್ನು ಹಿಡಿಯುವ ಅಗ್ಗದ ಸೆನ್ಸರ್. ಅದರ ಮೇಲೆ ಲೆಕ್ಕ ಕಟ್ಟಿ ಒಂದು ಸಂಖ್ಯೆ ತೋರಿಸುತ್ತಿತ್ತು. ಕಾರ್ಬನ್ ಡೈಆಕ್ಸೈಡ್ ಅಳೆಯಲು ಎನ್‌ಡಿಐಆರ್ ಅಂತ ಬರೆದಿರುವ, ಅಂದರೆ ಇನ್ಫ್ರಾರೆಡ್ ಬೆಳಕಿನಿಂದ ಅಳೆಯುವ ಸೆನ್ಸರ್ ಬೇಕು. ಸೆಂಟ್ ಪರೀಕ್ಷೆಯನ್ನು ನೀವೂ ಮಾಡಿ ನೋಡಿ.

ಮೀಟರನ್ನೇ ಮೊದಲು ಪರೀಕ್ಷೆ ಮಾಡಿ

ತರಕಾರಿ ಗಾಡಿಯವರ ತಕ್ಕಡಿ ನೋಡಿ ಅನುಮಾನ ಪಡುವ ನಾವು ಮೀಟರ್ ಹೇಳಿದ್ದನ್ನು ಮಾತ್ರ ಸುಮ್ನೆ ನಂಬುತ್ತೇವೆ.

ಸೊನ್ನೆ ಪರೀಕ್ಷೆ ಸುಲಭ. ಯಾರ ಮನೆಯಲ್ಲಾದರೂ ಹೆಪಾ ಫಿಲ್ಟರಿನ (ಸಣ್ಣ ಕಣಗಳನ್ನೂ ಹಿಡಿಯುವ ಫಿಲ್ಟರ್) ಏರ್ ಪ್ಯೂರಿಫೈಯರ್ ಇದ್ದರೆ ಸಣ್ಣ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಅದನ್ನು ಜೋರಾಗಿ ಒಂದು ಗಂಟೆ ಓಡಿಸಿ. ಮೀಟರ್ ಒಂದಂಕಿಗೆ ಇಳಿಯಬೇಕು. ಇಪ್ಪತ್ತರಲ್ಲೇ ಕಚ್ಚಿಕೊಂಡು ಕೂತರೆ ಏನೋ ಐಬು ಇದೆ.

ಎರಡನೆಯದು ಸರ್ಕಾರಿ ಕೇಂದ್ರದ ಜೊತೆ ಹೋಲಿಕೆ. ಕೇಂದ್ರದ ಕಾಂಪೌಂಡಿನೊಳಗೆ ಬಿಡುವುದಿಲ್ಲ. ಅದರ ಹತ್ತಿರ ನೆಂಟರೋ ಸ್ನೇಹಿತರೋ ಇದ್ದರೆ ಅವರ ಬಾಲ್ಕನಿಯಲ್ಲಿ ಎರಡು ಮೂರು ದಿನ ಇಟ್ಟು ಬನ್ನಿ. ಆಮೇಲೆ ಗಂಟೆವಾರು ಸರಾಸರಿಗಳನ್ನು ಎದುರುಬದುರು ಬರೆಯಿರಿ. ನಿಮ್ಮದು 60 ಅಂದಾಗಲೆಲ್ಲ ಅವರದು 45ರ ಹತ್ತಿರ ಇದ್ದರೆ, ನಿಮ್ಮ ಅಂಕಿಯನ್ನು 0.75ರಿಂದ ಗುಣಿಸಿಕೊಳ್ಳಿ. ಒಂದು ಏರಿದಾಗ ಇನ್ನೊಂದೂ ಏರುತ್ತಿದೆಯಾ ಅನ್ನುವುದೇ ಮುಖ್ಯ. ಏರಿಳಿತ ಒಟ್ಟಿಗೆ ಸಾಗಿದರೆ ಗುಣಿಸಿ ಸರಿಮಾಡಬಹುದು. ಅದೇ ತಾಳ ತಪ್ಪಿದರೆ ಏನೂ ಮಾಡಲಾಗದು. ಇಂಟರ್ನೆಟ್ಟಿನಲ್ಲಿ ಅಮೆರಿಕದವರು ತಮ್ಮ ಗಾಳಿಗೆ ಕಟ್ಟಿದ ತಿದ್ದುಪಡಿ ಸೂತ್ರಗಳು ಸಿಗುತ್ತವೆ. ಅಲ್ಲಿನ ದೂಳು, ಹೊಗೆ, ತೇವ ಬೇರೆ, ಹಾಗೇ ತಂದು ಹಾಕಿಕೊಳ್ಳಬೇಡಿ.

ತೇವದ ವಿಷಯ ಬಂತು. ಈ ಮೀಟರುಗಳ ದೊಡ್ಡ ಶತ್ರು ಅದೇ. ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ. ಲೇಸರಿಗೆ ಅವು ದೊಡ್ಡ ಕಣಗಳಂತೆ ಕಾಣುತ್ತವೆ. ಮಂಜು ಕವಿದ ಡಿಸೆಂಬರ್ ಬೆಳಗ್ಗೆ, ಮಳೆ ನಿಂತ ಹೊತ್ತು, ಸ್ನಾನದ ಮನೆ ಬಾಗಿಲ ಬಳಿ, ಇಡ್ಲಿ ಪಾತ್ರೆಯ ಹಬೆಯ ಪಕ್ಕ ಮೀಟರ್ ಸುಳ್ಳು ಹೇಳುತ್ತದೆ. ತೇವಾಂಶ ಶೇ 75–80 ದಾಟಿದ ಹೊತ್ತಿನ ಅಂಕಿಗೆ ನಾನು ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತೇನೆ, ಅನುಮಾನದ ಗುರುತು. ಕರಾವಳಿಯವರಿಗೂ ಮಲೆನಾಡಿನವರಿಗೂ ಈ ಚುಕ್ಕೆ ಹೆಚ್ಚು ಬೇಕಾಗುತ್ತದೆ.

ಎಲ್ಲಿಡಬೇಕು?

ನೀವು ಉಸಿರಾಡುವ ಎತ್ತರದಲ್ಲಿ. ಕೂರುವ ಜಾಗಕ್ಕೆ ಸುಮಾರು ಒಂದು ಮೀಟರ್, ನಿಂತು ಅಡುಗೆ ಮಾಡುವ ಕಡೆ ಒಂದೂವರೆ ಮೀಟರ್. ಮಗು ನೆಲದ ಹಾಸಿಗೆಯಲ್ಲಿ ಮಲಗಿದರೆ ಅದರ ಎತ್ತರಕ್ಕೇ ಇಳಿಸಿ. ಬಿಸಿಲು ನೇರವಾಗಿ ಬೀಳಬಾರದು, ಫ್ಯಾನ್ ಗಾಳಿ ಮೂತಿಗೆ ಹೊಡೆಯಬಾರದು. ಹೊರಗಾದರೆ ಬಾಲ್ಕನಿಯಲ್ಲಿ ಸಜ್ಜಾದ ಕೆಳಗೆ, ಮಳೆ ತಾಗದ ಹಾಗೆ. ತಿಂಗಳಿಗೊಮ್ಮೆ ರಂಧ್ರ ನೋಡಿ. ನಮ್ಮದರಲ್ಲಿ ಜೇಡ ಸಂಸಾರ ಹೂಡಿತ್ತು, ಎರಡು ವಾರದ ಅಂಕಿ ಕಸಕ್ಕೆ ಹೋಯಿತು.

ಒಂದು ವಾರ, ಒಂದು ನೋಟ್‌ಬುಕ್

ಮಾರ್ಗದರ್ಶಿಯ ಜೀವ ಇರುವುದು ಇಲ್ಲಿ. ಮೀಟರ್ ಅಂಕಿ ಕೊಡುತ್ತದೆ, ಕಾರಣ ಕೊಡುವುದಿಲ್ಲ. ಕಾರಣ ಬರೆಯಬೇಕಾದವರು ನೀವು. ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿಸಿ, ಪೆನ್ನು ಕಟ್ಟಿ. ಮನೆಯವರೆಲ್ಲ ಗಂಟೆ ಹಾಕಿ ಬರೆಯಲಿ: 6.40 ಊದುಬತ್ತಿ. 7.15 ದೋಸೆ. 8.00 ಕಸ ಗುಡಿಸಿದ್ದು. 8.30 ಎದುರು ಕಟ್ಟಡದಲ್ಲಿ ಕಲ್ಲು ಕತ್ತರಿಸುವ ಮಿಷನ್. 6.30 ಸಾಂಬ್ರಾಣಿ. 9.00 ಸೊಳ್ಳೆ ಬತ್ತಿ.

ವಾರದ ಕೊನೆಗೆ ಮೀಟರಿನ ಗ್ರಾಫ್ ಪಕ್ಕ ಈ ಹಾಳೆ ಇಟ್ಟುಕೊಂಡು ಕೂತರೆ ಪತ್ತೇದಾರಿ ಕತೆ ಓದಿದ ಹಾಗಿರುತ್ತದೆ. ಪ್ರತಿ ಏರಿಕೆಗೂ ಮೂರು ಪ್ರಶ್ನೆ ಕೇಳಿ. ಎಷ್ಟು ಎತ್ತರ ಹೋಯಿತು? ಇಳಿಯಲು ಎಷ್ಟು ಹೊತ್ತು ಬೇಕಾಯಿತು? ಆಗ ಕೋಣೆಯಲ್ಲಿ ಯಾರಿದ್ದರು? ಒಗ್ಗರಣೆ ಎತ್ತರಕ್ಕೆ ಹೋಗಿ ಗಂಟೆಯೊಳಗೆ ಇಳಿಯುತ್ತದೆ. ಸೊಳ್ಳೆ ಬತ್ತಿ ಹಾಗಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಏರಿದ ಮಟ್ಟದಲ್ಲೇ ಕೂರುತ್ತದೆ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದಾಗ ಬರುವ ಪಿಎಂ 2.5, 75ರಿಂದ 137 ಸಿಗರೇಟು ಉರಿದಷ್ಟು ಅಂತ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ನಮ್ಮ ಮನೆಯಲ್ಲಿ ಸೊಳ್ಳೆ ಪರದೆ ವಾಪಸ್ ಬಂದದ್ದು ಆ ಗ್ರಾಫ್ ನೋಡಿದ ರಾತ್ರಿ.

ಊದುಬತ್ತಿ ಬಿಡಿ ಅಂತ ಅಮ್ಮನಿಗೆ ಹೇಳುವ ಧೈರ್ಯ ನನಗಿಲ್ಲ. ದೇವರ ಮನೆ ಕಿಟಕಿ ತೆರೆದು ಹಚ್ಚಿದರೆ ಅಂಕಿ ಎಷ್ಟು ಕಮ್ಮಿಯಾಗುತ್ತದೆ ಅಂತ ಮಾತ್ರ ತೋರಿಸಿದೆ. ಈಗ ಅವರೇ ತೆರೆಯುತ್ತಾರೆ.

ಎರಡನೇ ವಾರ ಒಂದೊಂದೇ ಬದಲಾವಣೆ ಮಾಡಿ. ಒಂದು ದಿನ ಎಕ್ಸಾಸ್ಟ್ ಫ್ಯಾನ್ ಒಗ್ಗರಣೆಗೆ ಐದು ನಿಮಿಷ ಮೊದಲೇ ಹಾಕಿ, ಇನ್ನೊಂದು ದಿನ ಆಮೇಲೆ ಹಾಕಿ. ಒಂದೇ ಅಡುಗೆ, ಒಂದೇ ಬಾಣಲೆ ಇರಲಿ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಉಪಕಾರವಾಯಿತು ಅಂತ ತಿಳಿಯುವುದಿಲ್ಲ.

ಗಾಳಿ ಆಡುತ್ತಿದೆಯಾ?

ಇದಕ್ಕೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಬೇಕು. ನಾವು ಉಸಿರಿನಲ್ಲಿ ಬಿಡುವ ಆ ಅನಿಲ ಗಾಳಿಯಾಟ ಇಲ್ಲದಿದ್ದರೆ ಕೋಣೆಯಲ್ಲೇ ಸೇರುತ್ತಾ ಹೋಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420–430 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು) ಇರುತ್ತದೆ. ಮೀಟರನ್ನು ಟೆರೇಸಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ಅದರ ಹತ್ತಿರ ತೋರಿಸುತ್ತದಾ ನೋಡಿ. ಒಳಗೆ 1000ದ ಕೆಳಗಿದ್ದರೆ ಗಾಳಿಯಾಟ ಪರವಾಗಿಲ್ಲ. ಇಬ್ಬರು ಬಾಗಿಲು ಹಾಕಿಕೊಂಡು ಮಲಗಿದ ಸಣ್ಣ ಕೋಣೆ ಬೆಳಗಿನ ಹೊತ್ತಿಗೆ 2000 ಮುಟ್ಟುವುದು ಅಪರೂಪವೇನಲ್ಲ. ಎದ್ದಾಗಿನ ತಲೆಭಾರಕ್ಕೆ ಇದೂ ಒಂದು ಕಾರಣವಾಗಿರಬಹುದು.

ಒಂದು ಚಂದದ ಪ್ರಯೋಗ ಇದೆ. ಬೆಳಗ್ಗೆ ಕೋಣೆಯಲ್ಲಿ 1420 ಇದೆ ಅಂತಿಟ್ಟುಕೊಳ್ಳಿ. ಹೊರಗಿನ 420 ಕಳೆದರೆ ಹೆಚ್ಚುವರಿ 1000. ಎಲ್ಲರೂ ಹೊರಗೆ ಬನ್ನಿ, ಕಿಟಕಿ ನಿಮಗೆ ಬೇಕಾದ ಸ್ಥಿತಿಯಲ್ಲಿಡಿ, ಗಡಿಯಾರ ನೋಡಿ. ಆ ಹೆಚ್ಚುವರಿ 370ಕ್ಕೆ, ಅಂದರೆ ಮೀಟರ್ 790ಕ್ಕೆ ಇಳಿಯಲು ಎಷ್ಟು ಹೊತ್ತಾಯಿತೋ ಅಷ್ಟು ಹೊತ್ತಿಗೆ ಕೋಣೆಯ ಗಾಳಿ ಒಂದು ಸಲ ಬದಲಾಯಿತು ಅಂತ ಲೆಕ್ಕ. ಇಪ್ಪತ್ತು ನಿಮಿಷ ಬೇಕಾದರೆ ಗಂಟೆಗೆ ಮೂರು ಸಲ. ಒಂದು ಕಿಟಕಿ ತೆರೆದು ನೋಡಿ, ಆಮೇಲೆ ಎದುರಿನ ಬಾಗಿಲನ್ನೂ ತೆರೆದು ನೋಡಿ. ಗಾಳಿ ಹೊಕ್ಕು ಹೊರಡಲು ಎರಡು ದಾರಿ ಬೇಕು. ಹಳೇ ಮನೆ ಕಟ್ಟಿದವರು ಮುಂಬಾಗಿಲಿಗೆ ನೇರ ಹಿತ್ತಿಲ ಬಾಗಿಲು ಯಾಕೆ ಇಟ್ಟರು ಅನ್ನುವುದು ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

ಕಿಟಕಿ ತೆರೆದರೆ ರಸ್ತೆ ಹೊಗೆ ಬರುತ್ತದಲ್ಲ? ಅದಕ್ಕೇ ಹೊರಗೂ ಅಳೆಯಬೇಕು.

ಹೊರಗೆ

ಬಾಲ್ಕನಿಯಲ್ಲಿ ಎರಡು ಮೂರು ದಿನ ಇಟ್ಟರೆ ದಿನದ ಲಯ ಸಿಗುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಸಾಮಾನ್ಯವಾಗಿ ರಾತ್ರಿ ಮತ್ತು ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಕಣಗಳು ಜಾಸ್ತಿ. ಮಧ್ಯಾಹ್ನ ಕಮ್ಮಿ. ತಂಪಾದ ಗಾಳಿ ನೆಲಕ್ಕೆ ಅಂಟಿಕೊಂಡಾಗ ಹೊಗೆಗೆ ಮೇಲೇರಲು ಜಾಗವಿಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಅದು ಚೆದುರುತ್ತದೆ. ಬೆಳಗಿನ ವಾಕಿಂಗ್ ಅಂದರೆ ಶುದ್ಧ ಗಾಳಿ ಅನ್ನುವ ನಂಬಿಕೆಗೆ ಇದು ಸ್ವಲ್ಪ ಪೆಟ್ಟು. ಮುಖ್ಯರಸ್ತೆ ಪಕ್ಕ ನಡೆಯುವವರಿಗಂತೂ ಹೌದು. ನಾವು ಮಧ್ಯಾಹ್ನ ಕಿಟಕಿಗಳನ್ನು ಪೂರ್ತಿ ತೆರೆಯಲು ಶುರು ಮಾಡಿದ್ದು ಇದನ್ನು ನೋಡಿಯೇ.

ನಡೆಯುತ್ತಲೂ ಅಳೆಯಬಹುದು. ಮೀಟರನ್ನು ಬ್ಯಾಗಿನ ಹೊರಗೆ ಸಿಕ್ಕಿಸಿಕೊಂಡು ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ, ಐದಾರು ದಿನ ಹೋಗಿ. ಒಂದು ದಿನದ ಅಂಕಿಗೆ ಬೆಲೆಯಿಲ್ಲ, ಆ ದಿನ ಮುಂದೆ ಹೊಗೆಯುಗುಳುವ ಲಾರಿ ಇದ್ದಿರಬಹುದು. ಸ್ಕೂಟರಿನ ವೇಗದ ಗಾಳಿ ಒಳಗಿನ ಪುಟ್ಟ ಫ್ಯಾನನ್ನು ಗಲಿಬಿಲಿ ಮಾಡುವುದರಿಂದ ನಡೆದು ಅಳೆಯುವುದೇ ವಾಸಿ.

ಪಿಎಂ 10 ವಿಷಯದಲ್ಲಿ ಮನೆ ಮೀಟರನ್ನು ನಂಬಬೇಡಿ. ದಪ್ಪ ಕಣಗಳನ್ನು ಇವು ಸರಿಯಾಗಿ ಹಿಡಿಯುವುದಿಲ್ಲ, ಪರದೆ ಮೇಲೆ ಕಾಣುವ ಪಿಎಂ 10 ಬಹುಪಾಲು ಊಹೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವ ನಮ್ಮ ನಾಲ್ಕು ಊರುಗಳಲ್ಲಿ, ಅಂದರೆ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯಲ್ಲಿ, ದೂಳೇ ದೊಡ್ಡ ತಲೆನೋವು. ಅದಕ್ಕೆ ಸರ್ಕಾರಿ ಕೇಂದ್ರದ ಅಂಕಿಯನ್ನೇ ನೋಡಿ. ದಿನದ ಮಿತಿ 100.

ಈ ಮೀಟರಿಗೆ ಕಾಣದ್ದು

ಗ್ಯಾಸ್ ಗೀಸರ್ ಸ್ನಾನದ ಮನೆಯೊಳಗೆ ಇದ್ದರೆ ಈ ಭಾಗ ಎರಡು ಸಲ ಓದಿ. ಗಾಳಿ ಸಾಲದೆ ಗ್ಯಾಸ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಕಣದ ಮೀಟರ್ ಐದು ತೋರಿಸುತ್ತಿರುವಾಗಲೇ ಒಳಗಿದ್ದವರು ಎಚ್ಚರ ತಪ್ಪಿ ಬೀಳಬಹುದು. ಕಾರ್ಬನ್ ಡೈಆಕ್ಸೈಡ್ ಮೀಟರೂ ಇದಕ್ಕೆ ಆಗುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂತಲೇ ಬೇರೆ ಸಿಗುತ್ತದೆ, ಅದನ್ನು ಹಾಕಿ. ಅದಕ್ಕಿಂತ ಮೊದಲು ಗೀಸರನ್ನು ಹೊರಗೆ ಹಾಕಿಸಿ. ಇಲ್ಲಿ ಅಳೆದು ನೋಡೋಣ ಅನ್ನುವ ಕುತೂಹಲ ಬೇಡ.

ಲೆಕ್ಕ ಹಾಕಿ

ಅಂಕಿಗಳೆಲ್ಲ ಸಿಕ್ಕ ಮೇಲೆ ಮನೆಯ ಒಬ್ಬೊಬ್ಬರ ದಿನವನ್ನು ಬಿಡಿಸಿ ಬರೆಯಿರಿ. ಉದಾಹರಣೆಗೆ, ಮಲಗುವ ಕೋಣೆ 8 ಗಂಟೆ, ಪಿಎಂ 2.5 ಸರಾಸರಿ 30. ಅಡುಗೆಮನೆ 2 ಗಂಟೆ, 150. ರಸ್ತೆ ಒಂದೂವರೆ ಗಂಟೆ, 90. ಆಫೀಸು 8 ಗಂಟೆ, 25. ಉಳಿದ ನಾಲ್ಕೂವರೆ ಗಂಟೆ, 40. ಗಂಟೆಯಿಂದ ಅಂಕಿಯನ್ನು ಗುಣಿಸಿ ಎಲ್ಲ ಕೂಡಿಸಿದರೆ 1055. ಅದನ್ನು 24ರಿಂದ ಭಾಗಿಸಿದರೆ 44. ಇದು ಆ ವ್ಯಕ್ತಿಯ ದಿನದ ಸರಾಸರಿ. ಈಗ ಇದನ್ನು 60ಕ್ಕೋ 15ಕ್ಕೋ ಹೋಲಿಸಿ, ತಪ್ಪಿಲ್ಲ. ಅಡುಗೆಮನೆಯ ಎರಡೇ ಗಂಟೆ ಒಟ್ಟು ಲೆಕ್ಕದ ಕಾಲು ಭಾಗಕ್ಕಿಂತ ಜಾಸ್ತಿ ತಿಂದಿದೆ ನೋಡಿ. ಅಡುಗೆಮನೆಯಲ್ಲಿ ನಾಲ್ಕು ಗಂಟೆ ನಿಲ್ಲುವವರ ಲೆಕ್ಕ ಬೇರೆ ಬರೆಯಿರಿ. ಒಂದೇ ಮನೆ, ಒಂದೇ ವಿಳಾಸ, ಆದರೂ ಇಬ್ಬರು ಉಸಿರಾಡುವ ಗಾಳಿ ಒಂದೇ ಅಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಮೀಟರನ್ನೂ ಒಯ್ದಿದ್ದೆ. ಹಳ್ಳಿ ಗಾಳಿ ಎಷ್ಟು ಚೊಕ್ಕಟ ಅಂತ ಎಲ್ಲರಿಗೂ ತೋರಿಸುವ ಆಸೆ. ರಾತ್ರಿ ಜಗಲಿಯಲ್ಲಿ ಒಳ್ಳೇ ಅಂಕಿಯೇ ಬಂತು. ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ ಎಣ್ಣೆಸ್ನಾನಕ್ಕೆ ಚಿಕ್ಕಮ್ಮ ಬಚ್ಚಲ ಒಲೆ ಹಚ್ಚಿದರು. ತೆಂಗಿನ ಸೋಗೆ, ಮಳೆಗೆ ನೆನೆದ ಸೌದೆ. ಅವರು ಕೂತು ಊದುವ ಎತ್ತರಕ್ಕೆ ಮೀಟರ್ ಹಿಡಿದೆ. 999 ತೋರಿಸಿ ನಿಂತಿತು. ಅದರಾಚೆ ಎಣಿಸಲು ಅದಕ್ಕೆ ಬರುವುದಿಲ್ಲ. ಎರಡು ಹೆಜ್ಜೆ ಹಿಂದೆ ಬಾಗಿಲ ಬಳಿ ಹಿಡಿದರೆ ನಾನೂರು, ಅಂಗಳದಲ್ಲಿ ಅರವತ್ತು. ಮೂರನ್ನೂ ಗಂಟೆ ಹಾಕಿ ಬರೆದುಕೊಂಡೆ. ಚಿಕ್ಕಮ್ಮ ಕಣ್ಣೊರೆಸಿಕೊಂಡು ಪರದೆ ನೋಡಿದರು.

"ಒಂದೇ ನಂಬರಿಗೆ ನಿಂತ್ಬಿಟ್ಟಿದೆ ಕಣೋ. ಹೊಗೆಗೆ ಕೆಟ್ಟೋಯ್ತು ಅನ್ಸುತ್ತೆ, ಆ ಕಡೆ ತೆಗೆದಿಡು."